ನಾಲ್ಕು ಪಾಲು

ಕಾರವಾರ ಬಂದರಿನಲ್ಲಿ ಇಪ್ಪತ್ತಾರು ವರ್ಷ
ಅದಿರಿನೊಳಗಿನ ಕಬ್ಬಿಣ ಲೆಕ್ಕ ಹಾಕಿದವನು ನಾನು.
ನೂರಕ್ಕೆ ಅರವತ್ತಮೂರೋ, ಅರವತ್ತಮೂರೂವರೆಯೋ,
ಆ ಅರ್ಧಕ್ಕಾಗಿ ಹಡಗುಗಳು ಲಂಗರು ಹಾಕಿ ಕಾಯುತ್ತಿದ್ದವು.
ಬ್ಯುರೆಟ್ಟಿನ ತುದಿಯಲ್ಲಿ ಒಂದು ಹನಿ.
ಬಿದ್ದರೆ ನೇರಳೆ. ಇನ್ನೊಂದು ಬಿದ್ದರೆ ಲೆಕ್ಕ ಕೆಟ್ಟಿತು.
ನನ್ನ ಹೆಬ್ಬೆರಳು ಅಲ್ಲೇ ನಿಲ್ಲುತ್ತಿತ್ತು.

ಈಗ ಅದೇ ಹೆಬ್ಬೆರಳು ಕೂತಲ್ಲೇ
ಇಲ್ಲದ ಗುಳಿಗೆ ಉರುಳಿಸುತ್ತದೆ.

ಹುಬ್ಬಳ್ಳಿಯ ಡಾಕ್ಟರಮ್ಮ ಹೇಳಿದಳು:
ಮಿದುಳಿನ ಬುಡದಲ್ಲಿ ಒಂದು ಕಪ್ಪು ಪಟ್ಟಿ,
ಅಲ್ಲಿ ಕಬ್ಬಿಣ ಕೂಡುತ್ತದೆ, ತಾಮ್ರ ಇಳಿಯುತ್ತದೆ.
ಅದು ಬೆಂಕಿಯೋ, ಬೆಂಕಿಯ ಬೂದಿಯೋ
ಯಾರಿಗೂ ಇನ್ನೂ ಸರಿಯಾಗಿ ಗೊತ್ತಿಲ್ಲ.
ನೂರಕ್ಕೆ ಎಷ್ಟು, ಕೇಳಿದೆ.
ನಕ್ಕಳು. ಲಕ್ಷಕ್ಕೆ ಕೇಳಿ ಅಂದಳು.
ಅದೂ ಸತ್ತ ಮೇಲೆ, ಕಡಲೆಯಷ್ಟು ತುಂಡು ಕರಗಿಸಿ.

ಆ ತುಂಡು ಎಲ್ಲಿಂದ ತೆಗೆದರು?
ಗಣಬಾ ಇದ್ದಿದ್ದರೆ ಅದನ್ನೇ ಕೇಳುತ್ತಿದ್ದ.

ಗಣಬಾ ತಳೇಕರ, ಬೈತಖೋಲದವನು.
ಗುಡ್ಡದಂಥ ರಾಶಿಯಿಂದ ಸಲಿಕೆ ಸಲಿಕೆ ತಂದು
ಗೋಪುರ ಸುರಿದು, ತಲೆ ತಟ್ಟಿ,
ಅಡ್ಡ ಒಂದು ಗೆರೆ, ಉದ್ದ ಒಂದು ಗೆರೆ.
ಎದುರುಬದುರಿನ ಎರಡು ಪಾಲು ಆಚೆ.
ಉಳಿದದ್ದು ಮತ್ತೆ ರಾಶಿ, ಮತ್ತೆ ನಾಲ್ಕು, ಮತ್ತೆ ಎರಡು ಆಚೆ.
ಕೊನೆಗೊಂದು ಹಿಡಿ:
"ತಗೊಳ್ಳಿ ಸಾಯ್ಬಾ, ಇಡೀ ಹಡಗು."

ಅವನಿಗೂ ಇದೇ ಕಾಯಿಲೆ, ನನಗಿಂತ ಎರಡು ವರ್ಷ ಮೊದಲು.
ನನ್ನದು ಕೈಕಾಲಲ್ಲೇ ನಿಂತಿದೆ, ಸದ್ಯ.
ಅವನದು ಮೇಲೆ ಹತ್ತಿತು.
ಮೊದಲು ಹಡಗುಗಳ ಹೆಸರು ಆಚೆ. ಆಮೇಲೆ ವಾರಗಳು.
ಸಂಜೆ ಅಂಗಳದಲ್ಲಿ ಯಾರದೋ ಮಕ್ಕಳು ಕಾಣುತ್ತಾರಂತೆ,
ಅವರಿಗೂ ಚಹಾ ಕೊಡು ಅನ್ನುತ್ತಾನಂತೆ.
ವಾದಿಸಿ ಸುಸ್ತಾದ ಸುಗಂಧಾ
ಎರಡು ಲೋಟ ಹೆಚ್ಚಿಗೆ ಇಡುತ್ತಾಳೆ.

ಭಾನುವಾರ ಹೋದೆ. "ತಾವು ಯಾರು?" ಅಂದ, ಮರ್ಯಾದೆಯಿಂದ.
ಮುಂದೆ ತಟ್ಟೆ, ಅವಲಕ್ಕಿ. ತಿನ್ನಲಿಲ್ಲ.
ನಡುಗುವ ಅಂಗೈಯಲ್ಲಿ ಅದನ್ನು ಗುಡ್ಡೆ ಮಾಡಿದ.
ತಲೆ ತಟ್ಟಿದ. ಅಡ್ಡ ಗೆರೆ.
ಉದ್ದ ಗೆರೆ, ಸೊಟ್ಟ, ಆದರೂ ಗೆರೆ.
ಎರಡು ಪಾಲು ತಟ್ಟೆಯಂಚಿಗೆ. ಮತ್ತೆ ಗುಡ್ಡೆ.
ಬಾಯಿ ಹಾಕಹೊರಟ ಸುಗಂಧಾಳನ್ನು ಕಣ್ಣಲ್ಲೇ ತಡೆದೆ.
ಎರಡು ಬೆರಳಿಗೆ ಸಿಗುವಷ್ಟು ಉಳಿಯಿತು.
"ತಗೊಳ್ಳಿ" ಅಂದ.
ಸಾಯ್ಬಾ ಅನ್ನಲಿಲ್ಲ.

ಅವನ ಕೈಯಿಂದ ನನ್ನ ಕೈಗೆ ಬರುವಷ್ಟರಲ್ಲಿ
ಅರ್ಧ ನೆಲಕ್ಕೆ ಬಿತ್ತು.
ಮಿಕ್ಕದ್ದನ್ನು ಮಾತ್ರೆಯ ಖಾಲಿ ಪೊಟ್ಟಣಕ್ಕೆ ಹಾಕಿ ಮಡಚಿದೆ.
ಚೀಟಿ ಬರೆಯಬೇಕಲ್ಲ, ಅಭ್ಯಾಸ.
ತಾರೀಖು. ತೆಗೆದವರು: ಗ. ತಳೇಕರ. ಹಡಗು:

ನನ್ನ ಅಕ್ಷರ ಈಗ ಸಾಲಿನ ಕೊನೆ ಮುಟ್ಟುವುದರೊಳಗೆ ಇರುವೆಯಾಗುತ್ತದೆ.
ಅಲ್ಲಿ ಏನೋ ಬರೆದದ್ದು ನೆನಪಿದೆ.
ಮನೆಗೆ ಬಂದು ಕನ್ನಡಕ ಒರೆಸಿ ನೋಡಿದೆ,
ಓದಲಾಗಲಿಲ್ಲ.