ಎರಡಕ್ಕೂ ಮೂರಕ್ಕೂ ನಡುವೆ

ಪೇಚ್ ಊರಿನಿಂದ ಬೆಳಗಿನ ರೈಲು ಹಿಡಿದು
ಎರಡು ರಾತ್ರಿಯ ಮಟ್ಟಿಗೆ ಬುಡಾಪೆಸ್ಟಿಗೆ ಬಂದೆವು,
ಲೋರಿಂಟ್ಸನ ಕಿವಿಗೊಂದು ಯಂತ್ರ ಕೂರಿಸಲು.
ಮೂವತ್ತೊಂದು ವರ್ಷ ಲಿಫ್ಟುಗಳ ಮೋಟಾರು ಕೋಣೆಯಲ್ಲಿದ್ದು
ಕಿವಿಯನ್ನು ಅಲ್ಲೇ ಬಿಟ್ಟು ಬಂದವನು.

ಎಲ್ಲಿ ಉಳಿಯೋಣ ಎಂದರೆ
ಹಾಸಿಗೆ ಹೇಗಿದೆ ಎನ್ನಲಿಲ್ಲ, ತಿಂಡಿ ಏನು ಎನ್ನಲಿಲ್ಲ.
"ಯಾವುದರ ಹಗ್ಗ ಹೊಸದು?" ಎಂದ.

ದುನಾ ದಂಡೆಯಲ್ಲಿ ಹೊಸ ಹೋಟೆಲು. ಗಾಜಿನ ಡಬ್ಬಿ.
ಕಾರ್ಡು ತೋರಿಸಿದರೆ ತೆರೆವ ಬಾಗಿಲು,
ಕೌಂಟರಿನಲ್ಲಿ ಮನುಷ್ಯರ ಬದಲು ಒಂದು ಪರದೆ.
ಸೇತುವೆಯಾಚೆ ಹಳೆಯದು.
ಜೇಬು ಹರಿಯುವಷ್ಟು ಭಾರದ ಹಿತ್ತಾಳೆ ಕೀಲಿ,
ಮುಖವನ್ನು ತುಸು ಕರಗಿಸಿ ತೋರಿಸುವ ಕನ್ನಡಿ,
ಕಾಲಿಟ್ಟರೆ ನರಳುವ ನೆಲ.
ಬಾಡಿಗೆ ಹನ್ನೊಂದು ಸಾವಿರ ಫೊರಿಂಟ್ ಹೆಚ್ಚು,
ಬಿಸಿನೀರಿಗೆ ಭರವಸೆಯಿಲ್ಲ.

ಹಳೆಯದೇ ಇರಲಿ, ಎಂದೆ.
"ಹಳತನ್ನು ಮೆಚ್ಚುವವರು ಅದಕ್ಕೆ ಎಣ್ಣೆ ಹಾಕಿದವರಲ್ಲ"
ಎಂದು ಗೊಣಗಿದ.
"ಆ ಲಿಫ್ಟು ನನಗೆ ಗೊತ್ತು, ಇಬೋಯ.
ಎಂಬತ್ತೆಂಟರ ಚಳಿಗಾಲ, ಮೂರು ದಿನ ಅದರ ಹೊಟ್ಟೆಯೊಳಗಿದ್ದೆ.
ಹಿಂಬಾಗಿಲಿಂದ ಹೋದೆ, ಹಿಂಬಾಗಿಲಿಂದ ಬಂದೆ.
ಒಂದು ಲೋಟ ಕಾಫಿ ಕೊಡಲಿಲ್ಲ ಪಾಪಿಗಳು."

ಹಾಗಾದರೆ ಮುಂಬಾಗಿಲಿಂದ ಹೋಗೋಣ, ಎಂದೆ.
ಕೇಳಿಸಿತೋ ಇಲ್ಲವೋ.
ಪೆಟ್ಟಿಗೆ ಎತ್ತಿಕೊಂಡ.

ಹುಡುಗ ಜಾಲರಿ ಎಳೆದು ನಮ್ಮನ್ನು ಒಳಗೆ ಬಿಟ್ಟ.
ಒಂದು. ಎರಡು.
ಆಮೇಲೆ ಒಂದು ಕೆಮ್ಮು, ಒಂದು ಕುಲುಕು.
ಎದುರಿಗೆ ಬಾಗಿಲಿಲ್ಲ, ಬರೀ ಗೋಡೆ:
ಇಟ್ಟಿಗೆ, ಜೇಡರ ಬಲೆ, ಸುಣ್ಣದ ಮೇಲೆ
ಸೀಸದಕಡ್ಡಿಯಲ್ಲಿ ಗೀಚಿದ ಯಾರದೋ ಲೆಕ್ಕ.
ನಿನ್ನದಾ? ಎಂದು ಕೂಗಿ ಕೇಳಿದೆ.
ಅಲ್ಲ ಎಂದ. ತುಸು ಬೇಸರದಿಂದ.

ಕೆಂಪು ಗುಂಡಿಗೆ ನಾನು ಚಾಚಿದ ಕೈ ತಡೆದು
ಮರದ ಹಲಗೆಗೆ ಅಂಗೈ ಒತ್ತಿದ,
ಜ್ವರದ ಮಗುವಿನ ಹೊಟ್ಟೆ ಮುಟ್ಟುವವನಂತೆ.
"ಮೇಲೆ ಓಡುತ್ತಿದ್ದಾರೆ. ಇಬ್ಬರು.
ಒಬ್ಬನ ಬೂಟು ಅವನಿಗೆ ದೊಡ್ಡದು."
ನನಗೇನೂ ಕೇಳಿಸಲಿಲ್ಲ.

ಗೋಡೆಗಂಟಿದ ಮಡಚು ಪೀಠ ಬಿಡಿಸಿ ನನ್ನನ್ನು ಕೂರಿಸಿದ,
ಪೆಟ್ಟಿಗೆಯ ಮೇಲೆ ತಾನೂ ಕೂತ.
ಏನಾಗಿದೆ, ಗೊತ್ತಾಯಿತಾ? "ಗೊತ್ತಾಯಿತು."
ಸರಿಮಾಡಬಹುದಾ? "ಹತ್ತು ನಿಮಿಷ."
ಎದ್ದಾನೆಂದು ಕಾದೆ.

ಲೋರಿಂಟ್ಸ್ ಕಾಲ ಮೇಲೆ ಕಾಲು ಹಾಕಿ
ಬೂಟಿನ ದಾರ ಸಡಿಲಿಸಿಕೊಂಡ.
"ಅವರೇ ಮಾಡಿಕೊಳ್ಳಲಿ ಬಿಡು.
ನಾನು ಬಾಡಿಗೆ ಕೊಟ್ಟವನು."