ಬೇಕಾದ್ದಕ್ಕೆ ಮಾತ್ರ

ಥಂಡರ್ ಬೇಯಲ್ಲಿ ಮೊಣಕಾಲುದ್ದ ಹಿಮ.
ಐಲಿ ಕೊಸ್ಕೆಲ ಬಿಲ್ಲು ಹರವಿ, ಕನ್ನಡಕ ಏರಿಸಿ
ಒಂದೊಂದೇ ಚಾನೆಲ್ಲಿಗೆ ಪೆನ್ಸಿಲ್ ಗೀಟು ಎಳೆಯುತ್ತಾಳೆ:
ಈ ಗಾಲ್ಫ್ ಮೈದಾನದ ಹುಲ್ಲಿಗೆ
ಇಷ್ಟು ವರ್ಷ ನಾನೇ ನೀರು ಹೊಯ್ದೆನಲ್ಲ!
ಈ ವಜ್ರ ಮಾರುವವಳ ತುಟಿಯ ಬಣ್ಣವೂ ನನ್ನ ದುಡ್ಡೇ.

ಕಾನೂನು ಬದಲಾಗಿದೆಯಂತೆ. ಫೋನಿನ ಹುಡುಗ
ಎರಡು ಸಲ ಕೇಳಿದ: ಬರೀ ಎರಡೇ?
ಎರಡೇ. ಹವಾಮಾನ, ಕರ್ಲಿಂಗ್.
ಮೋಡ ಕವಿಯುವುದು, ಮಂಜಿನ ಮೇಲೆ ಕಲ್ಲು ಜಾರುವುದು,
ಎಪ್ಪತ್ತೊಂಬತ್ತಕ್ಕೆ ಇನ್ನೇನು ಬೇಕು.

ರಿಮೋಟ್ ಒತ್ತಿದರೆ ಈಗ
ಹಲ್ಲು ಬಿದ್ದ ಬಾಯಿ:
ಕಪ್ಪು, ಕಪ್ಪು, ಕಪ್ಪು, ಮೋಡ, ಕಪ್ಪು.

ಗುರುವಾರ ಕೆಳಗಿನ ಬೀದಿಯ ತಂಗಿ ಇಂಪಿ ಬಂದಳು
ಕುಸ್ತಿ ನೋಡಲು, ಎಂದಿನಂತೆ.
ತೆಗೆಸಿಬಿಟ್ಟೆ, ಅಂದಳು ಐಲಿ.
ಇಂಪಿ ಕಾಫಿ ಕುಡಿದಳು,
ಕರ್ಲಿಂಗ್ ನೋಡಿದಳು, ಚರ್ಚಿನಲ್ಲಿ ಕೂತ ಹಾಗೆ.
ಎಂಟಕ್ಕೇ ಬೂಟು ಹಾಕಿಕೊಂಡಳು.

ಛೀ, ಎಲ್ಲ ನಾಟಕ, ಎಂದು ಇವಳು ಬಯ್ಯಬೇಕು,
ನಿಜವಾದ ರಕ್ತ ಕಣೇ, ಎಂದು ಅವಳು ಕಿರುಚಬೇಕು.
ಅದು ಯಾವ ನಂಬರಿನಲ್ಲಿ ಬರುತ್ತಿತ್ತು?

ಬೆಳಿಗ್ಗೆ ಮತ್ತೆ ಫೋನು:
ಕುಸ್ತಿ ಸೇರಿಸಪ್ಪ.
ನನಗಲ್ಲ. ಅದನ್ನು ಕಂಡರೆ ನನಗಾಗದು.
ಹಾಗಂತ ಅಲ್ಲಿ ಬರೆದುಕೋ.