ತೊಗರಿಯ ಪಾಲು

ಹೆಸರು ತೊಗರಿ. ಮೈಬಣ್ಣ ನೋಡಿ ಇಟ್ಟದ್ದು.
ಬೇಳೆ ಮಾತ್ರ ಮೂಸಿಯೂ ನೋಡುವುದಿಲ್ಲ.

ಆಳಂದ ರಸ್ತೆಯ ಕುರಿಹಟ್ಟಿಯಿಂದ ತಂದಾಗ
ಅಂಗೈಯಗಲ ಮರಿ.
ಹಾಲಲ್ಲಿ ನೆನೆಸಿದ ಜೋಳದ ರೊಟ್ಟಿ ಕೊಟ್ಟೆವು,
ಉಂಡಿತು, ಕಾರಿತು,
ತುರಿಸಿ ತುರಿಸಿ ಬಾಲದ ಬುಡ ಬೋಳಾಯಿತು.
ದನದ ದವಾಖಾನೆಯ ಡಾಕ್ಟರು ಕನ್ನಡಕ ಹಣೆಗೇರಿಸಿ
"ಹಸಿ ಮಾಂಸ ಹಾಕ್ರಿ" ಅಂದರು.
ಅವರ ಕಂಪೌಂಡರ್ ಬಾಗಿಲ ತನಕ ಬಂದು
"ಹುಳ ಆಗ್ತಾವ್ರಿ, ಕುದಿಸೇ ಹಾಕ್ರಿ" ಅಂದ.
ಇಬ್ಬರ ನಡುವೆ ನಾಯಿ ನನ್ನ ಮುಖ ನೋಡಿತು.

ನಮ್ಮದು ಬ್ರಹ್ಮಪುರದ ಮನೆ.
ಉಳ್ಳಾಗಡ್ಡಿ ಕೂಡ ಸೋಮವಾರ ಒಳಗೆ ಬರುವುದಿಲ್ಲ.
ಈಳಿಗೆಗೆ ಬದನೆ, ಹೀರೆ, ಹಸಿಮೆಣಸು ಬಿಟ್ಟರೆ
ಬೇರೆ ಯಾರ ಪರಿಚಯವೂ ಇಲ್ಲ.
ಹೊಸ ಚಾಕು ತಂದು, ಹಿಡಿಗೆ ಕೆಂಪು ದಾರ ಸುತ್ತಿ
ಬಚ್ಚಲ ಕಿಟಕಿಯಲ್ಲಿಟ್ಟೆ,
ಅಪ್ಪಿತಪ್ಪಿ ಯಾರೂ ಸೌತೆಕಾಯಿ ಹೆಚ್ಚದಿರಲೆಂದು.

ಮೊದಲ ದಿನ ಝುಲೇಖಾಬೀಯ ಅಂಗಡಿಗೆ
ಸೆರಗು ಮೂಗಿಗೆ ಹಿಡಿದು ಹೋದೆ.
"ಯಾರಿಗೆ ಬೇಕ್ರಿ?"
"ನಾಯಿಗೆ."
ಆಕೆ ನಗಲಿಲ್ಲ.
ಹಲ್ಲು ಎಷ್ಟು ಬಂದಾವ, ಹೇಲು ಗಟ್ಟಿಯೋ ತೆಳುವೋ,
ರಾತ್ರಿ ಬೊಗಳ್ತದೋ ಅಳ್ತದೋ,
ಡಾಕ್ಟರು ಕೇಳದ್ದನ್ನೆಲ್ಲ ಕೇಳಿದಳು.
ಬೋಟಿ ಇಷ್ಟು, ಎಲುಬಿನ ಮೆತ್ತನೆಯ ತುದಿ ಇಷ್ಟು,
ಕಲೇಜಿ ಹೆಬ್ಬೆರಳಿನಷ್ಟೇ.
"ಜಾಸ್ತಿ ಕೊಟ್ರ ಹೊಟ್ಟಿ ಹರೀತದ ನೋಡ್ರಿ.
ಬೇಯಿಸಿದ ಎಲುಬು ಒಟ್ಟ ಹಾಕಬ್ಯಾಡ್ರಿ,
ಗಂಟಲದಾಗ ಸೂಜಿ ಆಗ್ತದ."
ಉರ್ದು ಪೇಪರಿನಲ್ಲಿ ಕಟ್ಟಿಕೊಟ್ಟಳು.
ಮನೆ ಮುಟ್ಟುವಷ್ಟರಲ್ಲಿ
ಯಾರದೋ ನಿಕಾಹದ ಫೋಟೊ ತೊಯ್ದು ಮೆತ್ತಗಾಗಿತ್ತು.

ಕಲೇಜಿ ಹೆಚ್ಚುವಾಗ ಕಣ್ಣು ಮುಚ್ಚಿದ್ದೆ.
ಕಣ್ಣು ಮುಚ್ಚಿದರೆ ಅದು ಬರೀ ನುಣುಪು,
ಆಗಷ್ಟೇ ಹುಟ್ಟಿದ ಕರುವಿನ ಮೂಗು ಮುಟ್ಟಿದ ಹಾಗೆ.

ತೊಗರಿ ತಿಂದ ರೀತಿ ಹೇಳಬೇಕು.
ಅವಸರವಿಲ್ಲ. ಮುಂಗಾಲಿನಿಂದ ಎಲುಬು ಒತ್ತಿ,
ತಲೆ ಓರೆ ಮಾಡಿ, ಹಿಂದಿನ ಹಲ್ಲಿಗೆ ಕೊಟ್ಟು,
ಹಳೆಯ ಲೆಕ್ಕ ಬಿಡಿಸುವ ಕುಲಕರ್ಣಿಯ ಹಾಗೆ.
ಆ ಹೊತ್ತಿಗೆ ಕರೆದರೆ
ಕಿವಿ ನನ್ನ ಕಡೆ ಹೊರಳುತ್ತದೆ, ಕಣ್ಣು ಹೊರಳುವುದಿಲ್ಲ;
ನಮ್ಮ ಮನೆಗಿಂತ ಮೊದಲಿನದೊಂದು ಮನೆಯಲ್ಲಿ
ಅದು ಆಗ ಇರುತ್ತದೆ.
ತಿಂಗಳಿಗೆ ಬಾಲದ ಬುಡಕ್ಕೆ ಕೂದಲು ಬಂತು.

ಅತ್ತೆ ಏನೂ ಅನ್ನಲಿಲ್ಲ.
ಅನ್ನದಿರುವುದನ್ನು ಅವರು ಜೋರಾಗಿ ಮಾಡುತ್ತಿದ್ದರು:
ಚೊಂಬು ಕುಕ್ಕುವುದು, ವಿಭೂತಿ ಡಬ್ಬಿಯ ಮುಚ್ಚಳ ಬಡಿಯುವುದು.
ಕಂಪೌಂಡರ್ ರಾಜಿಗೆ ಬಂದು, ಕೆಲವು ದಿನ ಬರ್ಫದಲ್ಲಿಡಿ ಅಂದಿದ್ದ.
ಫ್ರಿಜ್ಜಿನ ಮೇಲಿನ ಗೂಡಿನಲ್ಲಿ
ಮುಚ್ಚಳ ಸಡಿಲಾದ ಡಬ್ಬಿ, ಮೇಲೊಂದು ಚೀಟಿ, 'ತೊಗರಿ.'
ಬಂದ ಬೀಗರು ಬೇಳೆಯೆಂದು ತೆರೆದದ್ದು
ಬೇರೆ ಕತೆ.

ಮೇ ತಿಂಗಳು.
ನಲ್ಲಿಯ ಬಾಯಿಗೆ ಕಾಗೆ ಜೋತುಬೀಳುವ ಬಿಸಿಲು.
ಬೆಳಿಗ್ಗೆ ಹೋದ ಕರೆಂಟು ಮೂರಾದರೂ ಬರಲಿಲ್ಲ.
ಸೋಮವಾರದ ಒಪ್ಪತ್ತಿಗೆ ಮೊಸರು ತೆಗೆಯಲು
ಅತ್ತೆ ಫ್ರಿಜ್ಜು ತೆರೆದರು.
ಗಟ್ಟಿ ಬಿಳಿ ಮೊಸರು. ನಟ್ಟನಡುವೆ
ಮೇಲಿಂದ ಜಿನುಗಿದ
ಒಂದು ಕೆಂಪು ಹನಿ.
ಕುಂಕುಮವೂ ಅಷ್ಟು ದುಂಡಗೆ ಕೂರುವುದಿಲ್ಲ.

ನಾನು ಗೋಡೆ ಹಿಡಿದೆ.
ಅವರು ಬಹಳ ಹೊತ್ತು ನೋಡಿದರು.
ಬಟ್ಟಲು ಎರಡೂ ಕೈಯಲ್ಲೆತ್ತಿ ಹಿತ್ತಲಿಗೆ ನಡೆದು
ತೊಗರಿಯ ಮುಂದೆ ಇಟ್ಟರು.
ಅದು ಮೂಸಿತು.
ಹನಿಯನ್ನು ಬಿಟ್ಟು ಸುತ್ತಲ ಮೊಸರು ಮೊದಲು ನೆಕ್ಕಿತು.
ಮೂತಿಯ ಮೇಲೆ ಅಡ್ಡಡ್ಡ ಬಿಳಿ ಪಟ್ಟೆ.
ಅತ್ತೆ ನಕ್ಕರೋ, ಕೆಮ್ಮಿದರೋ.

ಒಳಗೆ ಬಂದು ಕೈ ತೊಳೆದು ಕೇಳಿದರು:
"ಬೋಟಿ ಕಿಲೋಕ್ಕ ಹ್ಯಾಂಗ?"
ಹೇಳಿದೆ.
"ಮೋಸ ಹೋಗ್ಲಕತ್ತಿ. ಝುಲೇಖಾಗ ನನ್ನ ಹೆಸರು ಹೇಳು.
ಒಂದ ಬಾವ್ಯಾಗ ನೀರು ಸೇದೀವಿ ನಾವು.
ಆಕಿ ಕೊಡ ಬಿಟ್ಟಾಗ
ಪಾತಾಳಗರಡಿ ಹಾಕಿ ತೆಗೆದಾಕಿ ನಾನು."

ಸಂಜೆ ಹೇಳಿದೆ.
ಝುಲೇಖಾಬೀಯ ತಕ್ಕಡಿ ಅರ್ಧಕ್ಕೆ ನಿಂತಿತು.
"ಚಂದಮ್ಮ? ಇನ್ನೂ ಅದಾಳಾ?"
ರೇಟು ಇಳಿಸಲಿಲ್ಲ.
ಒಂದು ಹಿಡಿ ಎಲುಬು ಹೆಚ್ಚಿಗೆ ಹಾಕಿ
"ಇದು ಆಕಿ ಪಾಲಿಂದು" ಅಂದಳು.